ರಾಜಧಾನಿಯ ಆಸೆಗೂ ಒಲಿಯದ ವಿಶಾಖಪಟ್ಟಣ

ನೆಲೆಸಿದ ಊರಿನ ರಾಜಕಾರಣ ಹೊರನಾಡ ಕನ್ನಡಿಗರಿಗೆ ಪರರದ್ದಲ್ಲ. ಮತ ಹಾಕುವುದೂ ತೆರಿಗೆ ಕಟ್ಟುವುದೂ ಅಲ್ಲಿಯೇ. ಆಂಧ್ರದ ಎರಡು ನಗರಗಳ ಕಥೆಯನ್ನು ಹಾಗಾಗಿ ನಾವೂ ಗಮನಿಸಬೇಕು.

2019ರಲ್ಲಿ ಜಗನ್‌ಮೋಹನ ರೆಡ್ಡಿ ಅವರ ವೈಎಸ್‌ಆರ್ ಕಾಂಗ್ರೆಸ್ 175 ಸ್ಥಾನಗಳಲ್ಲಿ 151 ಗೆದ್ದಿತು. ಅದೇ ಡಿಸೆಂಬರ್‌ನಲ್ಲಿ ಮೂರು ರಾಜಧಾನಿಗಳ ಮಾತು ಬಂತು. ಆಡಳಿತ ವಿಶಾಖಪಟ್ಟಣಕ್ಕೆಂದರು; ವಿಜಯವಾಡದ ಮಗ್ಗುಲಲ್ಲಿ ಏಳುತ್ತಿದ್ದ ಅಮರಾವತಿಯ ಕಟ್ಟಡಗಳು ಅರ್ಧಕ್ಕೇ ನಿಂತವು. ವಿಜಯವಾಡದವರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಲಾಭ ಪಡೆಯಬೇಕಿದ್ದ ವಿಶಾಖಪಟ್ಟಣ? 2021ರಲ್ಲಿ ಮಹಾನಗರಪಾಲಿಕೆಯನ್ನು ಅದೇ ಪಕ್ಷದ ಕೈಗಿತ್ತ ಊರದು. ಎರಡೇ ವರ್ಷಗಳಲ್ಲಿ, 2023ರ ಮಾರ್ಚ್‌ನಲ್ಲಿ, ಉತ್ತರಾಂಧ್ರದ ಪದವೀಧರರು ತೆಲುಗು ದೇಶಂ ಅಭ್ಯರ್ಥಿಯನ್ನು ವಿಧಾನ ಪರಿಷತ್ತಿಗೆ ಕಳುಹಿಸಿದರು. ‘ಅಮ್ಮ ಒಡಿ’ಯ ಹಣ ತಾಯಂದಿರ ಖಾತೆಗೆ ಬಂದಿತ್ತು, ನಿಜ. ಓದು ಮುಗಿಸಿದ ಮಗ ಮಾತ್ರ ಕೆಲಸಕ್ಕಾಗಿ ಬೆಂಗಳೂರು, ಹೈದರಾಬಾದಿನ ದಾರಿ ಹಿಡಿಯಬೇಕಿತ್ತು.

2024ರ ಜೂನ್ 4ರಂದು 151 ಹೋಗಿ 11 ಆಯಿತು! ವಿಜಯವಾಡ ಸೆಂಟ್ರಲ್‌ನಲ್ಲಿ 2019ರಲ್ಲಿ ಕೇವಲ 25 ಮತಗಳಿಂದ ಸೋತಿದ್ದ ತೆಲುಗು ದೇಶಂನ ಬೋಂಡಾ ಉಮಾಮಹೇಶ್ವರ ರಾವ್ ಈ ಬಾರಿ 68 ಸಾವಿರಕ್ಕೂ ಮಿಕ್ಕಿದ ಅಂತರದಿಂದ ಗೆದ್ದರು. ಉಕ್ಕು ಕಾರ್ಖಾನೆಯ ಕಾರ್ಮಿಕರಿರುವ ಗಾಜುವಾಕದಲ್ಲಿ ಅಂತರ 95 ಸಾವಿರ ದಾಟಿತು. ಕಾರ್ಖಾನೆಯ ಖಾಸಗೀಕರಣಕ್ಕೆ 2021ರಲ್ಲಿ ಒಪ್ಪಿಗೆಯಿತ್ತದ್ದು ಕೇಂದ್ರ. ಅಲ್ಲಿ ಆಳುವ ಬಿಜೆಪಿ ಗೆದ್ದ ಕೂಟದಲ್ಲೇ ಇತ್ತೆಂಬುದು ಬೇರೆ ಮಾತು.

ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಕರ್ನಾಟಕದಲ್ಲಿ 1989ರಲ್ಲಿ 178 ಸ್ಥಾನ ಗೆದ್ದಿದ್ದ ಕಾಂಗ್ರೆಸ್ಸಿಗೆ 1994ರಲ್ಲಿ ಉಳಿದದ್ದು 34.