ಮಾಳಿಗೆಯ ಮೇಲೊಂದು ತಟ್ಟೆ

ನಮ್ಮ ಜಿಲ್ಲೆಗೆ ಆಂಟೆನಾ ಹೊಸದಲ್ಲ. ಗೌರಿಬಿದನೂರಿನ ಬಳಿ ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ವೀಕ್ಷಣಾಲಯವೇ ಇದೆ. ನಾನು ಹೇಳಹೊರಟಿರುವುದು ಅಷ್ಟು ದೊಡ್ಡ ವಿಷಯವಲ್ಲ; ಶಿಡ್ಲಘಟ್ಟದ ನಮ್ಮ ಮನೆಯ ಮಾಳಿಗೆಯ ಮೇಲಿರುವ ಎರಡಡಿ ತಟ್ಟೆಯದು.

ನಮ್ಮ ತಂದೆಯವರದು ರೇಷ್ಮೆ ನೂಲು ಬಿಚ್ಚುವ ಕೆಲಸ. ಗೂಡಿನ ಬೆಲೆ ಏರಿದ ತಿಂಗಳು ಕೇಬಲಿನ ಮುನ್ನೂರು ರೂಪಾಯಿಯೂ ಭಾರವೇ. ನಮ್ಮ ಮನೆತನದಲ್ಲಿ ಬಿ.ಎ. ತನಕ ಬಂದವನು ನಾನೊಬ್ಬನೇ. ನನ್ನ ಪರೀಕ್ಷಾ ಶುಲ್ಕ ಕಟ್ಟಬೇಕಾದಾಗ, "ಕೇಬಲು ಬಿಡಿಸಿಬಿಡೋಣವೇನಪ್ಪಾ?" ಎಂದು ಅವರು ಕೇಳಿದರು. ಅಜ್ಜಿ ಮಾತನಾಡಲಿಲ್ಲ. ಮಂಡಿನೋವಿನಿಂದ ಹೊಸ್ತಿಲು ದಾಟಲಾರದ ಆಕೆಗೆ ಟಿ.ವಿ.ಯೇ ಊರು, ಟಿ.ವಿ.ಯೇ ನೆಂಟರು. ಆಗ ದೂರದರ್ಶನದವರ ಡಿ.ಡಿ. ಫ್ರೀ ಡಿಶ್ ನೆನಪಾಯಿತು. 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಈ ಸೇವೆಗೆ ತಿಂಗಳ ಶುಲ್ಕವಿಲ್ಲ. ತಟ್ಟೆ, ಪೆಟ್ಟಿಗೆ, ತಂತಿ ಎಲ್ಲ ಸೇರಿ ನಮಗೆ ಒಮ್ಮೆಗೆ ತಗಲಿದುದು ಸಾವಿರದೈನೂರು ರೂಪಾಯಿ.

ಇದರ ಗುಟ್ಟೆಲ್ಲ ದಿಕ್ಕಿನಲ್ಲಿದೆ. ಚಿತ್ರ ಕಳುಹಿಸುವ ಜಿಸ್ಯಾಟ್-15 ಉಪಗ್ರಹ 2015ರ ನವೆಂಬರಿನಲ್ಲಿ ಹಾರಿದುದು. ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುವುದರಿಂದ ಅದು ನಮ್ಮ ಪಾಲಿಗೆ ಧ್ರುವ ನಕ್ಷತ್ರದಂತೆ ನಿಂತಲ್ಲೇ ನಿಂತಿರುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲಿಂದ ನೋಡಿದರೂ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 66 ಡಿಗ್ರಿ ಮೇಲೆ. ಇಷ್ಟು ಎತ್ತರವಿರುವುದರಿಂದ ಬೆಟ್ಟಗುಡ್ಡಗಳ ಅಡ್ಡಿಯಿಲ್ಲ. ತಟ್ಟೆಗಿಂತ ಹತ್ತಡಿ ಎತ್ತರದ ಗೋಡೆ ಕೂಡ ನಾಲ್ಕೂವರೆ ಅಡಿಗಿಂತ ಹತ್ತಿರವಿದ್ದರೆ ಮಾತ್ರ ತೊಂದರೆ. ತೆಂಗಿನ ಗರಿ ಮೇಲೆ ಬಾಗಿರಬಾರದು, ಅಷ್ಟೆ.

ನನ್ನ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಮೊದಲ ದಿನ ಪಕ್ಕದ ಮನೆಯ ತಟ್ಟೆಯನ್ನು ನೋಡಿ ನಮ್ಮದನ್ನೂ ಹಾಗೆಯೇ ತಿರುಗಿಸಿದೆ. ಅವರದು ಬೇರೆ ಕಂಪನಿ, ಬೇರೆ ಉಪಗ್ರಹ! ಮಾರನೆಯ ದಿನ ಫೋನಿನ ದಿಕ್ಸೂಚಿ ಹಿಡಿದೆ. ಬಳಿಯಿದ್ದ ಕಬ್ಬಿಣದ ತಗಡು ಅದನ್ನು ದಾರಿ ತಪ್ಪಿಸಿತು. ಎತ್ತರದಲ್ಲಿಯೂ ಮೋಸಹೋದೆ. ಈ ತಟ್ಟೆಗಳಲ್ಲಿ ಅಲೆ ಹಿಡಿಯುವ ಕೊಂಬು ನಟ್ಟನಡುವೆ ಇರದೆ ಕೆಳಗಿನಿಂದ ಚಾಚಿರುತ್ತದೆ. ಆದುದರಿಂದ ತಟ್ಟೆ ಉಪಗ್ರಹವನ್ನೇ ನೋಡುತ್ತಿದ್ದರೂ ಮುಖ ತಗ್ಗಿಸಿಕೊಂಡಂತೆ ಕಾಣುತ್ತದೆ. ಕಣ್ಣನ್ನು ಬಿಟ್ಟು ಹಿಂಬದಿಯ ಅಳತೆಪಟ್ಟಿಯನ್ನು ನಂಬಬೇಕು. ತಂಗಿ ಕೆಳಗೆ ಕುಳಿತು ಪರದೆಯ ಮೇಲಿನ ಸಿಗ್ನಲ್ ಪಟ್ಟಿಯನ್ನು ಕೂಗಿ ಹೇಳುತ್ತಿದ್ದಳು. ನಾನು ಕೂದಲೆಳೆಯಷ್ಟು ತಿರುಗಿಸಿ, ಕಾದು, ಮತ್ತೆ ತಿರುಗಿಸುತ್ತಿದ್ದೆ. ಸಂಜೆಯ ಹೊತ್ತಿಗೆ "ಬಂತಣ್ಣಾ!" ಎಂದಳು.

ಕೊರತೆಯಿಲ್ಲವೆಂದಲ್ಲ. ಜೋರು ಮಳೆಗೆ ಚಿತ್ರ ಚೂರುಚೂರಾಗುತ್ತದೆ. ಹಿಂದಿ ವಾಹಿನಿಗಳೇ ಹೆಚ್ಚು. ಕನ್ನಡಕ್ಕೆ ಚಂದನವಿದೆ, ಮನೆಮಾತು ತೆಲುಗಾದ ಅಜ್ಜಿಗೆ ಸಪ್ತಗಿರಿಯೂ ಸಿಕ್ಕಿತು. ಆದರೆ ಆಕೆ ಬಿಡದೆ ನೋಡುತ್ತಿದ್ದ ಧಾರಾವಾಹಿ ಇದರಲ್ಲಿ ಬರುವುದಿಲ್ಲ. ಅದರ ಕಥೆ ಮುಂದೇನಾಯಿತೆಂದು ಪಕ್ಕದ ಮನೆಯಾಕೆ ದಿನವೂ ರಾತ್ರಿ ಬಂದು ಹೇಳಿಹೋಗುತ್ತಾರೆ.