ತಲೆಪೆಟ್ಟಿಗೆ ರಕ್ತವೇ ಅಳತೆಯಲ್ಲ

ಬೈಕಿನಿಂದ ಬಿದ್ದವರ ತಲೆಯಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡುತ್ತೇವೆ. ಕಾಣದಿದ್ದರೆ ‘ಸದ್ಯ, ಏನೂ ಆಗಲಿಲ್ಲ’ ಎಂದು ನೀರು ಕುಡಿಸಿ ಮನೆಗೆ ಕಳಿಸುತ್ತೇವೆ. ಈ ಅಳತೆಯೇ ತಪ್ಪು. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಸಣ್ಣ ಸೀಳಿನಿಂದಲೂ ಅಂಗಿ ತೋಯುವಷ್ಟು ರಕ್ತ ಸುರಿಯಬಹುದು. ನಿಜವಾದ ಅಪಾಯ ಬುರುಡೆಯ ಒಳಗಿದೆ. ಮೂಳೆ ಹಿಗ್ಗುವುದಿಲ್ಲವಾದ್ದರಿಂದ ಒಳಗೆ ರಕ್ತ ಸೇರಿದರೂ ಮೆದುಳು ಬಾತರೂ ಒತ್ತಡ ಬೀಳುವುದು ಮೆದುಳಿನ ಮೇಲೆಯೇ. ಹಾಗಾಗಿ ಗಾಯಕ್ಕಿಂತ, ಪೆಟ್ಟು ತಿಂದವರಲ್ಲಿ ಆಮೇಲೆ ಆಗುವ ಬದಲಾವಣೆಯನ್ನು ನೋಡಬೇಕು.

ಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ಅಪಧಮನಿ ಹರಿದಾಗ, ಕೆಲವರು ಮೊದಲು ಚೆನ್ನಾಗಿಯೇ ಮಾತಾಡಿಕೊಂಡಿದ್ದು ಕೆಲವೇ ಗಂಟೆಗಳಲ್ಲಿ ಪ್ರಜ್ಞೆ ತಪ್ಪುತ್ತಾರೆ. 2009ರಲ್ಲಿ ಕೆನಡಾದಲ್ಲಿ ಹಿಮದ ಮೇಲೆ ಜಾರಿಬಿದ್ದ ನಟಿ ನತಾಶಾ ರಿಚರ್ಡ್‌ಸನ್ ಮೊದಲು ವೈದ್ಯಕೀಯ ನೆರವನ್ನೇ ಬೇಡವೆಂದಿದ್ದರು. ಎರಡು ದಿನಗಳಲ್ಲಿ ತೀರಿಕೊಂಡರು. ಹೊರಪೊರೆಯ ಕೆಳಗೆ ಅಭಿಧಮನಿ ಹರಿದರೆ ರಕ್ತ ನಿಧಾನವಾಗಿ ಜಿನುಗಬಹುದು. ವಯಸ್ಸಾದವರಲ್ಲಿ ಲಕ್ಷಣ ಕಾಣಿಸಲು ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ಮನೆಯವರು ಬಿದ್ದದ್ದನ್ನು ಮರೆತು, ಮರೆವಿಗೂ ತೂರಾಟಕ್ಕೂ ವಯಸ್ಸನ್ನೇ ದೂರುತ್ತಿರುತ್ತಾರೆ. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ, ಪ್ರಜ್ಞೆಯ ಮಟ್ಟ ಅಳೆಯುವ ಮಾಪನವೂ ಗಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತದೆ. ಆ ಅಂಕ ಇಳಿಯತೊಡಗಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ಹಾಗಾದರೆ ತಲೆ ತಗುಲಿದವರೆಲ್ಲ ಸ್ಕ್ಯಾನ್ ಮಾಡಿಸಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೇಕಿಲ್ಲ. ಬಹುಪಾಲು ಪೆಟ್ಟುಗಳು ಸೌಮ್ಯವೇ, ಸಿ.ಟಿ. ಸ್ಕ್ಯಾನಿಗೆ ಖರ್ಚೂ ಇದೆ, ವಿಕಿರಣವೂ ಇದೆ. ಆದರೆ ಮೊದಲ ದಿನ ಜೊತೆಯಲ್ಲಿ ಒಬ್ಬರು ಇರಲೇಬೇಕು. ಪದೇಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ತೊದಲು, ಫಿಟ್ಸ್, ಒಂದು ಬದಿಯ ಕೈಕಾಲಿನ ನಿಶ್ಶಕ್ತಿ, ಮೂಗು–ಕಿವಿಯಿಂದ ನೀರಿನಂಥ ದ್ರವ: ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಲಕ್ಷಣಕ್ಕೆ ಕಾಯದೆ ವೈದ್ಯರನ್ನು ಕಾಣಬೇಕು.

ಸ್ಕ್ಯಾನ್ ಸರಿಯಾಗಿದೆಯೆಂದರೆ ಎಲ್ಲವೂ ಸರಿಯಾಗಿದೆ ಎಂದೂ ಅಲ್ಲ. ಪೆಟ್ಟಿಗೆ ಮೆದುಳು ಅಲುಗಿ ಆಗುವ ‘ಕನ್‌ಕಷನ್‌’ನಲ್ಲಿ ಕೆಡುವುದು ಮೆದುಳಿನ ಕೆಲಸ. ಅದು ಚಿತ್ರದಲ್ಲಿ ಮೂಡುವುದಿಲ್ಲ. ತಲೆನೋವು, ಮರೆವು, ಸಿಡುಕು, ಬೆಳಕು ಸಹಿಸಲಾಗದ ಸ್ಥಿತಿ ಹೆಚ್ಚಿನವರಲ್ಲಿ ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ಇಳಿಯುತ್ತವೆ. ಇವನ್ನು ಸೋಮಾರಿತನವೆಂದು ಬೈದು ಕೆಲಸಕ್ಕೆ ಅಟ್ಟುವುದು, ಮಕ್ಕಳನ್ನು ಮರುದಿನವೇ ಕಬಡ್ಡಿ ಅಂಕಣಕ್ಕೆ ಇಳಿಸುವುದು ಅನ್ಯಾಯ. ಚೇತರಿಸುವ ಮೊದಲೇ ಬಿದ್ದ ಎರಡನೇ ಪೆಟ್ಟು ಇನ್ನಷ್ಟು ಹಾನಿ ಮಾಡುತ್ತದೆ. ಬಿದ್ದವರನ್ನು ಎತ್ತಿ ಕೂರಿಸಿದರೆ ನಮ್ಮ ಹೊಣೆ ಮುಗಿಯದು. ಅವರು ಮೊದಲಿನಂತಾಗುವವರೆಗೂ ಗಮನವಿಡಬೇಕು.