ಒಂದೇ ಗಣಕ, ಎರಡು ಒಕ್ಕಲು

ಭೂತನಾಳ, ಟಿಕೋಟಾ, ಬಬಲೇಶ್ವರದ ಕಡೆ ಗಣಕಯಂತ್ರ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಅದು ಇರುವುದು ಒಂದೇ. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತೆಂದು ಕೊಂಡದ್ದರಲ್ಲೇ ಮಗಳ ಪಿಯುಸಿ ಪ್ರಾಜೆಕ್ಟು, ತಂದೆಯ ಲೆಕ್ಕಪತ್ರ, ಮದುವೆಯ ಫೋಟೋಗಳು ಎಲ್ಲವೂ ಸೇರಿಕೊಂಡಿರುತ್ತವೆ. ಕೆಲವು ವರ್ಷ ಹಳೆಯದಾದ ಇಂಥ ಗಣಕದಲ್ಲಿ ಇರುವುದು ಹೆಚ್ಚಾಗಿ ವಿಂಡೋಸ್ 10. 2015ರಲ್ಲಿ ಬಂದ ಆ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿದವರಿಗೆ ಭದ್ರತಾ ತಿದ್ದುಪಡಿಗಳ ಅವಧಿಯನ್ನು ಕೊಂಚ ವಿಸ್ತರಿಸಿದ್ದು ನಿಜ. ಆದರೆ ಅದು ತಾತ್ಕಾಲಿಕ. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸುಮಾರಾಗಿ ಎಂಟನೆಯ ಪೀಳಿಗೆಯದೋ ನಂತರದ್ದೋ ಆಗಿರಬೇಕು. 2016ರಲ್ಲಿ ಕೊಂಡ ಗಣಕ ಈ ಪರೀಕ್ಷೆಯಲ್ಲಿ ನಪಾಸು. ಹಾಗಾದರೆ ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಿ, ಮತ್ತೊಂದಕ್ಕೆ ದುಡ್ಡು ಹೊಂದಿಸಬೇಕೆ?

ಅಗತ್ಯವಿಲ್ಲ. ಅದೇ ಗಣಕದಲ್ಲಿ ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆಯನ್ನು ಕೂರಿಸಬಹುದು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಶುರುಮಾಡಿದ ಲಿನಕ್ಸ್ ಇಂದಿಗೂ ಉಚಿತವಾಗಿ ಸಿಗುತ್ತದೆ. ಉಬುಂಟು, ಲಿನಕ್ಸ್ ಮಿಂಟ್ ಎಂಬವು ಅದರದೇ ರೂಪಗಳು. ಬ್ಯಾಂಕಿನ ವ್ಯವಹಾರ, ಸಿಇಟಿ ಅರ್ಜಿ, ಇ-ಮೇಲ್ ಮುಂತಾಗಿ ಅಂತರ್ಜಾಲಕ್ಕೆ ಸೇರಿದ ಕೆಲಸವನ್ನೆಲ್ಲ ಕಾಲಕಾಲಕ್ಕೆ ತಿದ್ದುಪಡಿ ಸಿಗುವ ಲಿನಕ್ಸಿನಲ್ಲಿ ಮಾಡುವುದು; ವಿಂಡೋಸ್ ಇಲ್ಲದೆ ನಡೆಯದ ಹಳೆಯ ತಂತ್ರಾಂಶಗಳಿಗೆ ಮಾತ್ರ, ಅದೂ ಅಂತರ್ಜಾಲದ ಸಂಪರ್ಕ ತಪ್ಪಿಸಿ, ವಿಂಡೋಸಿಗೆ ಹೋಗುವುದು. ಎರಡೂ ಒಮ್ಮೆಲೇ ನಡೆಯುವುದಿಲ್ಲ. ಗಣಕ ಚಾಲೂ ಮಾಡಿದಾಗ ಪರದೆಯ ಮೇಲೆ ಎರಡರ ಹೆಸರೂ ಬರುತ್ತವೆ, ಬೇಕಾದದ್ದನ್ನು ಆರಿಸಿಕೊಳ್ಳಬೇಕು.

ಇದಕ್ಕೆ ಪಾಲಕರು ಹೆದರುತ್ತಾರೆ. ಹುಡುಗ ಏನೋ ಮಾಡಲು ಹೋಗಿ ಇದ್ದದ್ದನ್ನೂ ಕಳೆದಾನು ಎಂಬ ಆ ಹೆದರಿಕೆ ಸುಳ್ಳಲ್ಲ. ಹಾರ್ಡ್ ಡಿಸ್ಕಿನೊಳಗೆ ನಡೆಯುವುದೇನೆಂದು ತಿಳಿದರೆ ಅಪಾಯ ಎಲ್ಲಿದೆ, ಎಲ್ಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಹೊಲ ಇರುವ ಮನೆಯವರಿಗೆ ಇದನ್ನು ಹೇಳುವುದು ಸುಲಭ. ಹಾರ್ಡ್ ಡಿಸ್ಕ್ ಒಂದು ಹೊಲ. ಅದನ್ನು ಇಬ್ಬರಿಗೆ ವಾಟಣಿ ಮಾಡಿ ನಡುವೆ ಬದು ಹಾಕಬೇಕು. ಯಾರ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದಕ್ಕೆ ಉತಾರ ಇರುವಂತೆ ಡಿಸ್ಕಿಗೂ ಒಂದು ಪಟ್ಟಿಯುಂಟು. ಹಳೆಯ ಪದ್ಧತಿಯಲ್ಲಿ ಅದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳೊಳಗೇ ಇರುತ್ತಿತ್ತು: 446 ಬೈಟು ಗಣಕವನ್ನು ಎಬ್ಬಿಸುವ ಪುಟ್ಟ ಕ್ರಮವಿಧಿಗೆ, 64 ಬೈಟು ಪಾಲುಗಳ ವಿವರಕ್ಕೆ, ಉಳಿದ ಎರಡು ಗುರುತಿನ ಮುದ್ರೆಗೆ. ಒಂದೊಂದು ಪಾಲಿನ ವಿವರಕ್ಕೆ 16 ಬೈಟು ಬೇಕಾದ್ದರಿಂದ ಮುಖ್ಯ ಪಾಲುಗಳು ನಾಲ್ಕೇ. ಲೆಕ್ಕ ನೋಡುವ ವಿದ್ಯಾರ್ಥಿಗೆ ಕಾರಣ ಅಲ್ಲೇ ಸಿಗುತ್ತದೆ. ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಜಾಗವಿದೆ. ಪಟ್ಟಿಯ ಇನ್ನೊಂದು ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಉತಾರ ಕಳೆದರೆ ಬೆಳೆ ಒಣಗುವುದಿಲ್ಲ. ಆದರೆ ಯಾವುದು ಯಾರದೆಂದು ಹೇಳುವವರಿರುವುದಿಲ್ಲ. ಪಟ್ಟಿ ಅಳಿಸಿಹೋದ ಡಿಸ್ಕಿನ ಸ್ಥಿತಿಯೂ ಅದೇ. ಫೋಟೋಗಳು ಒಳಗೇ ಇರುತ್ತವೆ, ಗಣಕಕ್ಕೆ ಮಾತ್ರ ಡಿಸ್ಕು ಬರಿದೆಂದು ಕಾಣುತ್ತದೆ. ಆ ಗಾಬರಿಯಲ್ಲಿ ಮೇಲೆ ಹೊಸದೇನನ್ನೋ ಬರೆದುಬಿಟ್ಟರೆ ಆಗ ನಿಜವಾಗಿಯೂ ಹೋಯಿತು.

ಆದ್ದರಿಂದ ಮೊದಲ ಕೆಲಸ ನಕಲು. ಉಳಿಸಬೇಕಾದ ಎಲ್ಲ ಕಡತಗಳನ್ನು ಹೊರಗಿನ ಡಿಸ್ಕಿಗೆ ತೆಗೆದು, ಆ ನಕಲು ಬೇರೊಂದು ಗಣಕದಲ್ಲಿ ತೆರೆಯುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ನಕಲು ಇದ್ದೂ ಇಲ್ಲದಂತೆ. ಎರಡನೆಯದು, ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದೆಯೇ ಎಂದು ಪರೀಕ್ಷಿಸುವುದು. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಮಾಲೀಕರ ಗಮನಕ್ಕೆ ಬಾರದೆಯೇ ಇದು ಚಾಲೂ ಆಗಿರಬಹುದು. ಬೀಗ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಮುಂದುವರಿಯಬಾರದು. ಮೂರನೆಯದು, ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯವನ್ನು ನಿಲ್ಲಿಸುವುದು. ಇದು ಇದ್ದಾಗ ಗಣಕ ಆರಿಸಿದರೂ ವಿಂಡೋಸ್ ಪೂರ್ತಿ ಆರುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್ ಅದರ ಪಾಲಿಗೆ ಕೈ ಹಾಕಿದರೆ ಕಡತಗಳು ಕೆಡುವ ಸಂಭವವುಂಟು.

ಬದುವನ್ನು ಸರಿಸುವ ಕೆಲಸ ವಿಂಡೋಸಿನ ಕೈಯಿಂದಲೇ ಆಗುವುದು ಒಳ್ಳೆಯದು. ಅದರ 'ಡಿಸ್ಕ್ ಮ್ಯಾನೇಜ್‌ಮೆಂಟ್' ಎಂಬಲ್ಲಿ ವಿಂಡೋಸಿನ ಪಾಲನ್ನು ಕುಗ್ಗಿಸಿ 50-60 ಗಿಗಾಬೈಟಿನಷ್ಟು ಜಾಗ ಬಿಡಿಸಿಕೊಂಡರೆ ಲಿನಕ್ಸಿಗೆ ಧಾರಾಳವಾಯಿತು. ಕುಗ್ಗಿಸುವಾಗ ಕರೆಂಟು ಹೋದರೆ ಅನಾಹುತ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ, ಮೇಜಿನ ಗಣಕಕ್ಕೆ ಯುಪಿಎಸ್ ಇರಲಿ. ಬೇಸಿಗೆಯ ನಡುಮಧ್ಯಾಹ್ನವಾಗಲಿ, ಪರೀಕ್ಷೆಯ ಹಿಂದಿನ ವಾರವಾಗಲಿ ಇದಕ್ಕೆ ತಕ್ಕ ಸಮಯವಲ್ಲ.

ಲಿನಕ್ಸನ್ನು 8 ಗಿಗಾಬೈಟಿನ ಪೆನ್‌ಡ್ರೈವಿಗೆ ಇಳಿಸಿಕೊಂಡು ಅದರಿಂದಲೇ ಗಣಕವನ್ನು ಎಬ್ಬಿಸಬಹುದು. ಚಾಲೂ ಆಗುವಾಗ ಎಫ್2, ಎಫ್12 ಅಥವಾ ಎಸ್ಕೇಪ್ ಗುಂಡಿ ಒತ್ತಬೇಕು. ಯಾವ ಗುಂಡಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹೀಗೆ ಎಬ್ಬಿಸಿದಾಗ ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ನಡೆಯುತ್ತದೆ. ವೈ-ಫೈ ಸಿಗುತ್ತದೆಯೆ, ಧ್ವನಿ ಬರುತ್ತದೆಯೆ, ಪ್ರಿಂಟರ್ ಹೇಳಿದಂತೆ ಕೇಳುತ್ತದೆಯೆ ಎಂದು ಎರಡು ದಿನ ನೋಡಿ ಆಮೇಲೆ ನಿರ್ಧರಿಸಬಹುದು. ಬರೀ ಕುತೂಹಲಕ್ಕೆ ಕೇಳುವ ಹೈಸ್ಕೂಲ್ ವಿದ್ಯಾರ್ಥಿಗೆ ಇಷ್ಟೇ ಸಾಕು, ವಾಟಣಿಯ ಗೊಡವೆ ಬೇಕಿಲ್ಲ. ವಿಟಿಯುದಲ್ಲಿ ಓದುತ್ತ ಲಿನಕ್ಸಿನ ಪ್ರಯೋಗಗಳನ್ನು ಮನೆಯಲ್ಲಿ ಮಾಡಬೇಕಾದವರ ಮಾತು ಬೇರೆ.

ಸ್ಥಾಪನೆಯ ಹಾದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪರದೆ ಒಂದೇ. ಅಲ್ಲಿ ಎರಡು ಆಯ್ಕೆಗಳು ಒಂದರ ಕೆಳಗೊಂದು ಇರುತ್ತವೆ: ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸುವುದು, ಮತ್ತು ಡಿಸ್ಕನ್ನೆಲ್ಲ ಅಳಿಸಿ ಸ್ಥಾಪಿಸುವುದು. ಓದದೆ ಎರಡನೆಯದನ್ನು ಒತ್ತಿದರೆ ಅಣ್ಣನ ಪಾಲು, ತಮ್ಮನ ಪಾಲು ಎಂಬುದೇ ಉಳಿಯುವುದಿಲ್ಲ. ಈ ಪರದೆ ಬಂದಾಗ ಮನೆಯ ಇನ್ನೊಬ್ಬರನ್ನು ಪಕ್ಕಕ್ಕೆ ಕರೆದು ಗಟ್ಟಿಯಾಗಿ ಓದಿಸುವುದು ನಾಚಿಕೆಯ ಸಂಗತಿಯೇನಲ್ಲ. ವಿಂಡೋಸ್ ಮೊದಲು, ಲಿನಕ್ಸ್ ನಂತರ ಎಂಬ ಕ್ರಮವನ್ನೂ ತಪ್ಪಿಸಬಾರದು. ತಡವಾಗಿ ಬಂದ ವಿಂಡೋಸ್ ಬಾಗಿಲಲ್ಲಿ ತಾನೇ ನಿಂತುಬಿಡುತ್ತದೆ. ಲಿನಕ್ಸಿನ ಗ್ರಬ್ ಎಂಬ ಕ್ರಮವಿಧಿಯಾದರೆ ಇಬ್ಬರ ಹೆಸರನ್ನೂ ತೋರಿಸಿ ಕೇಳುತ್ತದೆ.

ಎಲ್ಲ ಮುಗಿದ ಮೇಲೆ ಭಾರತದ ಮನೆಗಳಲ್ಲಿ ಒಂದು ವಿಚಿತ್ರ ಕಾಣುವುದುಂಟು. ರಾತ್ರಿ 8 ಗಂಟೆಗೆ ಲಿನಕ್ಸಿನಿಂದ ವಿಂಡೋಸಿಗೆ ಬಂದರೆ ಗಡಿಯಾರ ಮಧ್ಯಾಹ್ನ 2-30 ತೋರಿಸುತ್ತದೆ! ಯಂತ್ರ ಕೆಟ್ಟಿಲ್ಲ. ಗಣಕದೊಳಗಿನ ಪುಟ್ಟ ಗಡಿಯಾರವನ್ನು ಲಿನಕ್ಸ್ ಜಾಗತಿಕ ಕಾಲಕ್ಕೆ ಇಡುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಕಾಲವೆಂದು ಓದುತ್ತದೆ. ಭಾರತದ ಕಾಲ 82½ ಡಿಗ್ರಿ ಪೂರ್ವ ರೇಖಾಂಶದ್ದು. 15 ಡಿಗ್ರಿಗೆ ಒಂದು ಗಂಟೆಯಂತೆ ಭಾಗಿಸಿದರೆ ಸರಿಯಾಗಿ ಐದೂವರೆ ಗಂಟೆಯ ಅಂತರ. ಲಿನಕ್ಸಿಗೂ ಸ್ಥಳೀಯ ಕಾಲವನ್ನೇ ಇಡಲು ಹೇಳುವ ಒಂದು ಆದೇಶವಿದೆ, ಅದರಿಂದ ತಕರಾರು ತೀರುತ್ತದೆ. ಭೂಗೋಳದ ಪಾಠ ಮನೆಯ ಗಣಕದಲ್ಲೇ ಎದುರಾಗುವುದು ಅಪರೂಪ.

ಕನ್ನಡದ ಮನೆಗಳು ವಿಂಡೋಸನ್ನು ಪೂರ್ತಿ ಬಿಡಲಾಗದ್ದಕ್ಕೆ ಒಂದು ಕಾರಣ ನುಡಿ, ಬರಹ ತಂತ್ರಾಂಶಗಳು. 1998ರಲ್ಲಿ ಬಂದ ಬರಹವಾಗಲಿ, ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ ವಿಂಡೋಸಿಗಾಗಿ ಹುಟ್ಟಿದವು. ಅವುಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ಅರ್ಜಿ, ಪ್ರಬಂಧಗಳನ್ನು ಲಿನಕ್ಸಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಂಡಾವು. ಕಡತ ಕೆಟ್ಟಿತೆಂದು ಅಳಿಸಬಾರದು. ವಿಂಡೋಸಿಗೆ ಹಿಂದಿರುಗಿ, ನುಡಿಯ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿಕೊಂಡರೆ ಎರಡೂ ಕಡೆ ಓದಲು ಬರುತ್ತದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಇಂಥ ಕಡತಗಳನ್ನು ವಿಂಡೋಸಿನ ಪಾಲಿನಲ್ಲೇ ಇಡುವುದು ಅನುಕೂಲ: ಲಿನಕ್ಸ್ ಆ ಪಾಲನ್ನು ಓದಬಲ್ಲದು, ಲಿನಕ್ಸಿನ ಪಾಲನ್ನು ವಿಂಡೋಸ್ ತಾನಾಗಿ ಓದಲಾರದು.

ಕೀಲಿಮಣೆಯ ಚಿಂತೆ ಮಾತ್ರ ಬೇಡ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ 'ಕಗಪ' ಎಂಬ ಹೆಸರಿದೆ. ಕನ್ನಡ ಗಣಕ ಪರಿಷತ್ತಿನ ಹ್ರಸ್ವರೂಪವದು, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ್ದು. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಾಗುವುದಿಲ್ಲ. ಅದೇ ಪಟ್ಟಿಯಲ್ಲಿ ಸ್ವಲ್ಪ ಹುಡುಕಿದರೆ ಮರಾಠಿಗೂ ಹಿಂದಿಗೂ ತೆಲುಗಿಗೂ ಇದೇ ಕಗಪದ ಹೆಸರಿನ ವಿನ್ಯಾಸ ಸಿಗುತ್ತದೆ.